ನೂರಕ್ಕೆ ತೊಂಬತ್ನಾಲ್ಕು

೩ ಮಾರ್ಚ್ ೨೦೧೪

ಅಕ್ಕಾ,

ಫೋನ್ ಮಾಡಿದರೆ ನಾನು ಕೂಗಾಡುತ್ತೇನೆ, ನೀನು ಪಟ್ಟನೆ ಇಟ್ಟುಬಿಡುತ್ತೀಯ. ಅದಕ್ಕೇ ಅಪ್ಪನ ಕಾಲದ ಕಟ್ಟಳೆಯಂತೆ ಕಾಗದದ ಮೇಲೆ ಜಗಳಕ್ಕೆ ಕೂತಿದ್ದೇನೆ. "ಬಾಯಲ್ಲಿ ಕಿತ್ತಾಡಿದ್ರೆ ಪಕ್ಕದ ಮನೆಗೆ ಕೇಳ್ಸತ್ತೆ, ಬರೆದು ಕಿತ್ತಾಡಿ" ಅನ್ನುತ್ತಿದ್ದರಲ್ಲ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ, ಅದೊಂದೇ ಸಮಾಧಾನ.

ಇದರ ಜೊತೆ ನಮ್ಮೂರಿನ ಪೇಪರಿನ ಒಂದು ತುಂಡು ಇಟ್ಟಿದ್ದೇನೆ. "ಹೊರದೇಶದಿಂದ ಬಂದವರಲ್ಲಿ ನೂರಕ್ಕೆ ತೊಂಬತ್ನಾಲ್ಕು ಮಂದಿ ಈಗ ಇಲ್ಲಿಯ ಪ್ರಜೆಗಳು! ಇಡೀ ದೇಶಕ್ಕೇ ನಮ್ಮೂರು ಮೊದಲು!" ಕೆಳಗೆ ನಗರಸಭೆಯ ಅಧ್ಯಕ್ಷರು ಹಲ್ಲು ಕಿರಿದಿರುವ ಫೋಟೋ. ಜನಗಣತಿಯ ಈ ಲೆಕ್ಕ ಹೊರಟಿದ್ದು ನಿನ್ನ ಅಂಕಿಅಂಶದ ಆಫೀಸಿನಿಂದ. ಯಾವ ಕತ್ತೆ ಇದನ್ನು ಬರೆದದ್ದು?

ಸಂತೋಷದ ಸುದ್ದಿ ತಾನೇ ಅನ್ನಬೇಡ. ಈ ಲೆಕ್ಕ ನೋಡಿ ನಗರಸಭೆಯವರು ಹೋದ ಸೋಮವಾರ ಹೊರಗಿನವರಿಗೆ ಇಲ್ಲಿಯ ಭಾಷೆ ಕಲಿಸುವ ತರಗತಿ ಮುಚ್ಚಿದರು. ಪ್ರಜೆಗಳಲ್ಲದವರು ಊರಿನಲ್ಲಿ ಬರೀ ಐದು ಜನವಂತೆ, ಐದು ಜನಕ್ಕೆ ಒಬ್ಬ ಟೀಚರು ಯಾಕೆ ಅಂತೆ. ಅದರ ಹಿಂದಿನ ವಾರ ಆ ಬೆಂಚುಗಳ ಮೇಲೆ ಹದಿನಾಲ್ಕು ಜನ ಕೂತಿದ್ದರು! ಬೆಂಚು ನೋಡದೆ ಕಾಗದ ನೋಡುವವರು ಇನ್ನೆಂಥ ಕತ್ತೆಗಳು?

ಆ ಹದಿನಾಲ್ಕರಲ್ಲಿ ಒಬ್ಬಳು ನನ್ನ ಹೆಂಡತಿ. ಅರವತ್ತು ತರಗತಿ ಮುಗಿಸಿದರೆ ಸರ್ಟಿಫಿಕೇಟು, ಅದಿದ್ದರೆ ಪೌರತ್ವಕ್ಕೆ ಅರ್ಜಿ. ಲಾಂಡ್ರಿಯಲ್ಲಿ ಎಂಟು ಗಂಟೆ ನಿಂತು ಆಸ್ಪತ್ರೆಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ, ಅಲ್ಲಿಂದ ನೇರ ತರಗತಿಗೆ ಹೋಗಿ, ನಲವತ್ತೊಂದು ಮುಗಿಸಿದ್ದಳು. ಹತ್ತಿರದ ಇನ್ನೊಂದು ತರಗತಿ ಬಸ್ಸಿನಲ್ಲಿ ಎರಡು ಗಂಟೆ ದೂರ. ಅವಳ ಶಿಫ್ಟು ಮುಗಿಯುವ ಹೊತ್ತಿಗೆ ಅದೂ ಮುಗಿದಿರುತ್ತದೆ. ನಾನೂ ನೀನೂ ಅಪ್ಪನ ಬೆನ್ನಿಗೆ ಬಂದು ಚಿಕ್ಕಂದಿನಲ್ಲೇ ಪ್ರಜೆಗಳಾದೆವು, ನಮಗೆ ಇದರ ಬಿಸಿ ತಟ್ಟಲಿಲ್ಲ. ಅವಳು ಪರ್ಮಿಟ್ಟಿನ ಮೇಲೆ ಇರುವವಳು. ಒಂದು ಸಲ ಗಡಿ ದಾಟಿದರೆ ಕಾದ ಏಳು ವರ್ಷವೂ ಸೊನ್ನೆಯಾಗಿ ಮತ್ತೆ ಒಂದರಿಂದ ಶುರು. ಅಲ್ಲಿ ಅವಳ ಅಮ್ಮನ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು: "ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಬಂದು ಮುಖ ತೋರ್ಸಿ ಹೋಗೇ."

ಇವಳೋ, "ತೊಂಬತ್ನಾಲ್ಕು ಜನಕ್ಕೆ ಕೊಟ್ಟಿದ್ದಾರೆ ಅಂದ್ಮೇಲೆ ನಂಗೂ ಕೊಟ್ಟೇ ಕೊಡ್ತಾರೆ ಬಿಡಿ" ಅನ್ನುತ್ತಾಳೆ. ನಿಜವೇ? ಮತ್ತೊಂದು ಮಾತು. ನಿಮ್ಮ ಪಟ್ಟಿಯಲ್ಲಿ ಕೆಲವು ಊರುಗಳ ಮುಂದೆ ಸಂಖ್ಯೆಯ ಬದಲು ನಕ್ಷತ್ರ ಹಾಕಿದ್ದೀರಲ್ಲ, ಆ ಸಾಲು ಬಂದಾಗ ಕತ್ತೆಗೆ ತೂಕಡಿಕೆ ಬಂತೇ?

ಉತ್ತರ ಬರಿ.

ನಿನ್ನ ತಮ್ಮ


೧೧ ಮಾರ್ಚ್ ೨೦೧೪

ದುಡುಕಪ್ಪನಿಗೆ,

ನಿನ್ನ ಕಾಗದದಲ್ಲಿ ಕತ್ತೆ ಮೂರು ಸಲ ಬಂದಿದೆ. ಎಣಿಸುವುದು ನನ್ನ ಕಸುಬು, ಅದಕ್ಕೆ ಎಣಿಸಿದೆ.

ಮೊದಲು ನಾದಿನಿಗೆ ಹೇಳು, ತೊಂಬತ್ನಾಲ್ಕನ್ನು ಅವಳು ತಿಳಿದಂತೆ ಓದಬಾರದು. ನೂರು ಜನ ಅರ್ಜಿ ಹಾಕಿದರೆ ತೊಂಬತ್ನಾಲ್ಕು ಜನಕ್ಕೆ ಸಿಗುತ್ತದೆ ಎಂಬ ಲೆಕ್ಕ ಅದಲ್ಲ. ಗಣತಿಯ ದಿನ ನಿಮ್ಮೂರಿನಲ್ಲಿ ಹೊರದೇಶದಲ್ಲಿ ಹುಟ್ಟಿದವರು ಎಂಬತ್ತಾರು ಮಂದಿ ಇದ್ದರು. ಅವರಲ್ಲಿ ಎಂಬತ್ತೊಂದು ಮಂದಿಯ ಫಾರಂನಲ್ಲಿ "ಪ್ರಜೆ" ಎಂದಿತ್ತು. ಅಷ್ಟೇ ಅದರ ಅರ್ಥ. ಅರ್ಜಿ ಹಾಕಿ ಆಗಲ್ಲ ಅನ್ನಿಸಿಕೊಂಡವರು, ಬೇಸತ್ತು ಊರೇ ಬಿಟ್ಟವರು ಆ ಎಂಬತ್ತಾರರಲ್ಲಿ ಇಲ್ಲ. ಬಸ್ಸು ತಪ್ಪಿದವರನ್ನು ಬಸ್ಸಿನೊಳಗೆ ಹುಡುಕಿದರೆ ಸಿಗುತ್ತಾರೆಯೇ? ಪೇಪರಿನವರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ಕೋಣನ ಮುಂದೆ ಕಿನ್ನರಿ.

ನಕ್ಷತ್ರ ತೂಕಡಿಕೆಯಲ್ಲ. ಐದಕ್ಕಿಂತ ಕಡಿಮೆ ಜನ ಇದ್ದ ಕಡೆ ನಾವು ಸಂಖ್ಯೆ ಹಾಕುವಂತಿಲ್ಲ. ಸಣ್ಣ ಊರಿನಲ್ಲಿ "ಇಬ್ಬರು" ಅಂದರೆ ಸಾಕು, ಯಾವ ಮನೆಯ ಇಬ್ಬರು ಅಂತ ಬೀದಿಗೆಲ್ಲ ಗೊತ್ತಾಗುತ್ತದೆ. ಒಬ್ಬರ ಫಾರಂನಲ್ಲಿ ಏನಿದೆ ಎಂದು ನಾನು ಯಾರಿಗೂ ಹೇಳುವಂತಿಲ್ಲ. ಪೊಲೀಸರಿಗೂ ಇಲ್ಲ, ಪರ್ಮಿಟ್ ಆಫೀಸಿಗೂ ಇಲ್ಲ, ಒಡಹುಟ್ಟಿದ ತಮ್ಮನಿಗೂ ಇಲ್ಲ. ಕೆಲಸಕ್ಕೆ ಸೇರಿದ ದಿನವೇ ಪ್ರಮಾಣ ಮಾಡಿ ಸಹಿ ಹಾಕಿದ್ದೇನೆ. ಬಾಯಿ ಬಿಟ್ಟರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲು.

ಇನ್ನು ಈ ಪಟ್ಟಿ ಯಾರ ಕೈ ದಾಟಿ ಬಂತು ಎಂಬ ಪ್ರಶ್ನೆ. ನಮ್ಮ ಮಹಡಿಯಲ್ಲಿ ನಲವತ್ತು ಜನ ಇದ್ದೇವೆ. ಹತ್ತಾರು ಕೈ ದಾಟಿರುತ್ತದೆ. ಅದನ್ನು ಕೆದಕಿ ಪ್ರಯೋಜನವಿಲ್ಲ. ನಗರಸಭೆಗೆ ಹೋಗಿ, ಬೆಂಚಿನ ಮೇಲಿದ್ದ ಹದಿನಾಲ್ಕು ಜನರ ಹಾಜರಿ ಪುಸ್ತಕ ತೋರಿಸು. ಕೂಗಾಡಬೇಡ.

ಅಕ್ಕ


೨೦ ಮಾರ್ಚ್ ೨೦೧೪

ಅಕ್ಕಾ,

ಹೋಗಿದ್ದೆ. ಕೂಗಾಡಲಿಲ್ಲ, ಮೊದಲ ಹತ್ತು ನಿಮಿಷ. ಕೌಂಟರಿನಲ್ಲಿ ದಪ್ಪ ಕನ್ನಡಕದ ಗುಮಾಸ್ತ ಇದ್ದ. ಹಾಜರಿ ಪುಸ್ತಕ ಮುಂದಿಟ್ಟೆ.

"ನೋಡಿ ಸ್ವಾಮಿ, ಹದಿನಾಲ್ಕು ಜನ."

"ನಮ್ಮ ಲೆಕ್ಕದಲ್ಲಿ ಐದೇ ಇರೋದು."

"ಇವರೆಲ್ಲ ದಿನಾ ಬಂದು ಸಹಿ ಹಾಕಿದ್ದಾರಲ್ರೀ!"

"ಪ್ರಜೆಗಳೂ ಬಂದಿರ್ಬಹುದು, ಭಾಷೆ ಕಲಿಯೋ ಆಸೆಗೆ. ಒಳ್ಳೇದೇ ಅಲ್ವಾ?"

"ನನ್ನ ಹೆಂಡ್ತಿ ಪ್ರಜೆ ಅಲ್ಲ ಕಣ್ರೀ, ಅದಕ್ಕೇ ಬರ್ತಾ ಇದ್ಳು!"

"ಹಾಗಂತ ನೀವು ಹೇಳ್ತೀರಿ. ಗಣತಿ ಬೇರೆ ಹೇಳತ್ತೆ."

ಆಮೇಲೆ ಕೂಗಾಡಿದೆ. ವಾಚ್‌ಮನ್ ಬಂದು ಮರ್ಯಾದೆಯಿಂದಲೇ ಹೊರಗೆ ಬಿಟ್ಟ.

ನಿನ್ನ ಪಾಠ ಇವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಹಾಗಾದ್ರೆ ತೊಂಬತ್ನಾಲ್ಕಕ್ಕೂ ನಂಗೂ ಸಂಬಂಧಾನೇ ಇಲ್ಲ" ಅಂದು ಎದ್ದುಹೋದಳು. ಫಾರಂನಲ್ಲಿ ಇದ್ದದ್ದನ್ನು ಕೂಡಿಸಿ ಬರೆಯುವುದಕ್ಕೆ ಅಷ್ಟು ದೊಡ್ಡ ಕಟ್ಟಡ, ನಲವತ್ತು ಜನ, ಲಿಫ್ಟು ಬೇರೆ! ಇದ್ದಕ್ಕಿದ್ದಂತೆ ಒಂದು ಸಣ್ಣ ಊರು ದೇಶಕ್ಕೇ ಮೊದಲು ಬಂದರೆ ಯಾರಿಗೂ ಅನುಮಾನ ಬರಲಿಲ್ಲವೇ? ಲಾಂಡ್ರಿಯಲ್ಲಿ ನೂರು ಹಾಸಿಗೆ ಬಟ್ಟೆಯ ಮೂಟೆಗೆ ನೂರಿಪ್ಪತ್ತು ವಾಪಸು ಬಂದರೆ ಮೇಸ್ತ್ರಿಯಾದ ನಾನು ಮೂಟೆ ಬಿಚ್ಚಿಸಿ ನೋಡುತ್ತೇನೆ. ನೀವು ಯಾಕೆ ನೋಡಲಿಲ್ಲ? ಆ ಸಾಲಿಗೆ ಒಪ್ಪಿಗೆ ಕೊಟ್ಟ ಮಹಾನುಭಾವ ಯಾರು ಅಂತ ಕಂಡುಹಿಡಿ. ಎದುರಿಗೆ ನಿಲ್ಲಿಸಿ ಎರಡು ಮಾತು ಕೇಳಬೇಕು.

ತಮ್ಮ


೧೬ ಏಪ್ರಿಲ್ ೨೦೧೪

ತಮ್ಮನಿಗೆ,

ಉತ್ತರ ತಡವಾಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ.

ಹೋದ ವಾರ ಒಂದಷ್ಟು ಹಳೆಯ ಕಾಗದ ತಿರುವಿ ಹಾಕುತ್ತಿದ್ದೆ. ಯಾವ ಕಾಗದ ಎಂದು ಕೇಳಬೇಡ. ಆಗ ಅಪ್ಪನ ನೆನಪು ಬಂತು. ಲಾರಿ ತೂಗುವ ತೂಕದ ಕಟ್ಟೆಯಲ್ಲಿ ಚೀಟಿಗಳ ಮೇಲೆ ಅವರು ಹಾಕುತ್ತಿದ್ದ ರೈಟ್ ಮಾರ್ಕು ನಿನಗೆ ನೆನಪಿದೆಯಲ್ಲ? ಬಾಲ ಮೇಲಕ್ಕೆ ಹೋಗಿ ತುದಿಯಲ್ಲಿ ಮತ್ತೆ ಕೆಳಕ್ಕೆ ಬಗ್ಗುತ್ತಿತ್ತು, ಕೊಡೆಯ ಹಿಡಿಯ ಹಾಗೆ. ಪ್ರಪಂಚದಲ್ಲಿ ಇನ್ಯಾರೂ ಹಾಗೆ ರೈಟು ಹಾಕುವುದಿಲ್ಲ. ನಮ್ಮ ಮನೆಯವರನ್ನು ಬಿಟ್ಟು.

"ಎರಡು ಸಲ ನೋಡದೆ ರೈಟು ಹಾಕಬೇಡಿ" ಎಂದು ನಮ್ಮಿಬ್ಬರ ತಲೆಗೂ ಮೊಟಕುತ್ತಿದ್ದರು. ಅದೂ ನೆನಪಿರಬೇಕು.

ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಗಣತಿ ಫಾರಂನಲ್ಲಿ ಯಾರದಾದರೂ ವಿವರ ತಪ್ಪಾಗಿ ಹೋಗಿದ್ದರೆ, ಅವರೇ ತಿದ್ದುಪಡಿ ಫಾರಂ ತುಂಬಿ ಜೂನ್ ೩೦ರೊಳಗೆ ಕಳಿಸಬಹುದು. ಪೋಸ್ಟ್ ಆಫೀಸಿನಲ್ಲಿ ಪುಕ್ಕಟೆ ಸಿಗುತ್ತದೆ. ಸುಮ್ಮನೆ ಹೇಳಿದೆ.

ಅಕ್ಕ


೨೪ ಏಪ್ರಿಲ್ ೨೦೧೪

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿ ಕಣ್ಣಲ್ಲಿ ನೀರು ಬಂತು. ನಾನು ಇಷ್ಟೆಲ್ಲ ಬೈದರೂ ನೀನು ಅಪ್ಪನ ನೆನಪು ಬರೆದೆಯಲ್ಲ! ತೂಕದ ಕಟ್ಟೆಯ ಆ ಸಣ್ಣ ರೂಮು, ಗಾಜಿನ ಮೇಲೆ ಧೂಳು, ಲಾರಿ ಹತ್ತಿದಾಗ ನೆಲ ಅದುರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಕೊಡೆ ರೈಟು ಮರೆಯುತ್ತೇನೆಯೇ? ಈಗಲೂ ನಾನು ಹಾಕುವುದು ಅದನ್ನೇ. ಲಾಂಡ್ರಿಯಲ್ಲಿ ಮೂಟೆ ಚೀಟಿ ನೋಡಿದವರೆಲ್ಲ "ಇದು ಮೇಸ್ತ್ರಿ ಕೊಡೆ" ಅನ್ನುತ್ತಾರೆ. ನಿನ್ನ ಕೈಯಲ್ಲೂ ಅದೇ ಬರುತ್ತಿತ್ತು, ಈಗ ಕಂಪ್ಯೂಟರು ಬಂದು ಮರೆತಿರುತ್ತೀಯ.

ಆದರೆ ಅಕ್ಕಾ, ಇದ್ದಕ್ಕಿದ್ದಂತೆ ಇಂಥ ಕಾಗದ ಯಾಕೆ? ಮೈ ಸರಿ ಇದೆ ತಾನೇ? ಬಿಪಿ ನೋಡಿಸಿಕೊಂಡೆಯಾ? ಭಾವನಿಗೆ ಹೇಳಿ ಒಂದು ವಾರ ರಜೆ ಹಾಕು.

ತಿದ್ದುಪಡಿ ಫಾರಂ ನಮಗ್ಯಾಕೆ, ನಮ್ಮ ಮನೆಯ ಫಾರಂ ನಾನೇ ತುಂಬಿದ್ದು. ತಪ್ಪು ಬರಲು ಸಾಧ್ಯವೇ ಇಲ್ಲ.

ಇವಳ ಅಮ್ಮನ ಬಲಗಣ್ಣು ಪೂರ್ತಿ ಹೋಯಿತಂತೆ. ಎಡಗಣ್ಣಿನಲ್ಲಿ ಹಗಲು ಹೊತ್ತು ಮುಖ ಗುರುತು ಸಿಗುತ್ತದಂತೆ, ಹತ್ತಿರ ಬಂದರೆ.

ನಿನ್ನ ತಮ್ಮ


೨ ಮೇ ೨೦೧೪

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನನ್ನ ಬಿಪಿ ನಿನ್ನ ಕಾಗದ ಓದುವ ತನಕ ಸರಿಯಾಗಿಯೇ ಇತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟಾದರೂ ಬುದ್ಧಿ ಇರಬೇಕು ಮನುಷ್ಯನಿಗೆ. ನಿನಗೆ ಅದೂ ಇಲ್ಲ. ನಿನ್ನ ಆ ಕೊಡೆಯನ್ನು ಎಲ್ಲೆಲ್ಲಿ ಬಿಡಿಸಿದ್ದೀಯ ಎಂದು ಒಂದು ಕಡೆ ಕೂತು ಯೋಚಿಸು. ಮೂಟೆ ಚೀಟಿ ಬಿಟ್ಟು.

ನಾನು ಇದಕ್ಕಿಂತ ಒಂದಕ್ಷರ ಹೆಚ್ಚು ಬರೆಯುವಂತಿಲ್ಲ. ಇಷ್ಟೂ ಬರೆಯಬಾರದಿತ್ತು. ನಾನು ಬರೆದ ಎಲ್ಲ ಕಾಗದಗಳನ್ನೂ ನಾದಿನಿಯ ಕೈಗೆ ಕೊಡು. ಮನೆಯಲ್ಲಿ ತಲೆ ಇರುವವಳು ಅವಳೊಬ್ಬಳೇ.

ಅಕ್ಕ


೨೮ ಮೇ ೨೦೧೪

ಅಕ್ಕಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ.

ಅವಳ ಕೈಗೆ ಕೊಟ್ಟೆ. ಅಡುಗೆಮನೆಯ ಮೇಜಿನ ಮೇಲೆ ಮೂರನ್ನೂ ಸಾಲಾಗಿ ಹರಡಿ ಓದಿದಳು. ತಲೆ ಎತ್ತಿ ಕೇಳಿದ್ದು ಒಂದೇ ಮಾತು.

"ರೀ, ಗಣತಿ ಫಾರಂ ಬಂದಾಗ ಹಾಸ್ಟೆಲ್ಲಿನ ಊಟದ ಹಾಲಲ್ಲಿ ಕೂತ್ಕೊಂಡು ಎಲ್ಲರದ್ದೂ ತುಂಬಿಕೊಟ್ಟೋರು ಯಾರು?"

ನಾನೇ. ಲಾಂಡ್ರಿಯ ಹಾಸ್ಟೆಲ್ಲಿನಲ್ಲಿ ಹೊರದೇಶದಿಂದ ಬಂದ ಅರವತ್ತೊಂದು ಜನ, ಎಲ್ಲರೂ ಪರ್ಮಿಟ್ಟಿನವರು. ಓದಲು ಬಂದರೂ ಸರ್ಕಾರಿ ಕಾಗದ ಅಂದರೆ ಅವರು ಪೆನ್ನು ಮುಟ್ಟುವುದಿಲ್ಲ. ಮ್ಯಾನೇಜರು ಸಂಜೆಯೊಳಗೆ ಫಾರಂ ಬೇಕು ಅಂದಿದ್ದ. ನಾನು ಶಿಫ್ಟು ಬಿಟ್ಟು ಒಂದು ಮಧ್ಯಾಹ್ನ ಪೂರ್ತಿ ಕೂತೆ. ಆರನೇ ಪ್ರಶ್ನೆ: ಈ ದೇಶದ ಪ್ರಜೆಯೇ? ಹೌದು, ಅಲ್ಲ. ಮೊದಲು ಬಂದವನು ಬಾಯ್ಲರಿನ ಮುದುಕ. ಬಗ್ಗಿ ಕಿವಿಯಲ್ಲಿ ಹೇಳಿದ: "ಮೇಸ್ತ್ರಿ, 'ಅಲ್ಲ' ಅಂತ ಹಾಕ್ಬೇಡಿ. ನಾಳೆ ಬಾಗಿಲಿಗೆ ಬಂದ್ಬಿಡ್ತಾರೆ." ನನಗೆ ಅಯ್ಯೋ ಅನ್ನಿಸಿತು. ಹದಿನೈದು ವರ್ಷದಿಂದ ಇಲ್ಲಿ ದುಡಿಯುತ್ತಿದ್ದಾನೆ, ಇವನಲ್ಲದೆ ಇನ್ಯಾರು ಪ್ರಜೆ? 'ಹೌದು' ಪಕ್ಕ ಕೊಡೆ ಬಿಡಿಸಿದೆ. ಅವನಿಗೆ ಹಾಕಿ ಹಿಂದಿನವನಿಗೆ ಹಾಕದಿದ್ದರೆ ಹೇಗೆ? ಎಲ್ಲರಿಗೂ ಹಾಕಿದೆ. ಎಣಿಸುವವರು ಎಣಿಸಿಕೊಳ್ಳಲಿ, ಯಾರಪ್ಪನ ಗಂಟು ಹೋಗುತ್ತದೆ ಅಂದುಕೊಂಡೆ. ಮನೆಗೆ ಬಂದು ಅದೇ ಕೈಯಲ್ಲಿ ನಮ್ಮ ಮನೆಯದ್ದೂ ತುಂಬಿದೆ. ಇವಳ ಹೆಸರಿನ ಮುಂದೂ ಕೊಡೆ ಬಿತ್ತು. ಯೋಚನೆ ಕೂಡ ಮಾಡಲಿಲ್ಲ.

ನಗರಸಭೆಯ ಐದು ಜನ ಯಾರು ಗೊತ್ತೇ? ನನ್ನ ಉಪಕಾರ ತಲುಪದ ಐದು ಜನ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಅವಳು ಬೈಯುತ್ತಾಳೆ ಅಂತ ಕಾದೆ. ಕಾಗದಗಳನ್ನು ಮಡಿಸಿಟ್ಟು ಹೇಳಿದಳು: "ನಾನು ಈ ದೇಶದೋಳು ಅಂತ ನೀವು ಹೇಳಿದ್ರೆ ಆಗಲ್ಲ ರೀ. ಅವರು ಹೇಳ್ಬೇಕು. ನೀವು ಮೊದ್ಲೇ ಹೇಳ್ಬಿಟ್ರಿ, ಅದಕ್ಕೇ ಅವರು ಹೇಳೋದು ನಿಂತೋಯ್ತು."

ಈಗ ನನ್ನ ಗತಿ ಅತ್ತ ದರಿ ಇತ್ತ ಪುಲಿ. ತಿದ್ದುಪಡಿ ಕಳಿಸಿದರೆ ಅರವತ್ತೊಂದು ಜನ ಸುಳ್ಳು ಹೇಳಿದ್ದಾರೆ ಅಂತ ಪರ್ಮಿಟ್ ಆಫೀಸಿಗೆ ನಾವೇ ಬರೆದುಕೊಟ್ಟ ಹಾಗಾಗುವುದಿಲ್ಲವೇ? ಅವರನ್ನು ಗಡಿಯಾಚೆ ಹಾಕಿದರೆ ನಾನು ಯಾವ ಮುಖ ಇಟ್ಟುಕೊಂಡು ಬದುಕಲಿ? ಕಳಿಸದಿದ್ದರೆ ತರಗತಿ ಇಲ್ಲ, ಇವಳ ಅಮ್ಮನ ಆ ಒಂದು ಕಣ್ಣು ನಮಗಾಗಿ ಕಾಯುವುದೂ ಇಲ್ಲ.

ದಾರಿ ಹೇಳು.

ತಮ್ಮ


೧ ಜೂನ್ ೨೦೧೪

ತಮ್ಮನಿಗೆ,

ನಿನ್ನ ಕಾಗದ ಸಿಕ್ಕ ದಿನವೇ ಬರೆಯುತ್ತಿದ್ದೇನೆ. ಹೆದರಬೇಡ. ಯಾವ ಪ್ರಮಾಣದ ಕಾರಣಕ್ಕೆ ನಾನು ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡೆನೋ ಅದೇ ಈಗ ನಿಮ್ಮ ಹಾಸ್ಟೆಲ್ಲನ್ನು ಕಾಯುತ್ತದೆ. ತಿದ್ದುಪಡಿ ಫಾರಂ ಈ ಕಟ್ಟಡದೊಳಗೆ ಬಂದರೆ ಮುಗಿಯಿತು, ಹೊರಗಿನ ಯಾವ ಆಫೀಸಿಗೂ ಹೋಗುವುದಿಲ್ಲ. ಯಾವ ಅಧಿಕಾರಿ ಬಂದು ಕೇಳಿದರೂ ಕೊಡುವುದಿಲ್ಲ. ಒಡಹುಟ್ಟಿದವನಿಗೇ ಹೇಳದವಳು ಅವರಿಗೆ ಹೇಳುತ್ತೇನೆಯೇ? ಇದನ್ನು ಅವರಿಗೆ ಓದಿ ಹೇಳು. ಆದರೆ ಈ ಸಲ ಪ್ರತಿಯೊಬ್ಬರೂ ತಮ್ಮ ಕೈಯಾರೆ ತುಂಬಬೇಕು. ನೀನು ಪೆನ್ನು ಮುಟ್ಟಕೂಡದು.

ಇನ್ನು ನಾನು ಮುಚ್ಚಿಟ್ಟದ್ದು.

ಆ ಸಾಲಿಗೆ ಒಪ್ಪಿಗೆ ಕೊಟ್ಟ ಮಹಾನುಭಾವನನ್ನು ಎದುರಿಗೆ ನಿಲ್ಲಿಸು ಅಂದಿದ್ದೆಯಲ್ಲ, ನಿಲ್ಲಿಸುತ್ತಿದ್ದೇನೆ. ಪಟ್ಟಿ ಅಚ್ಚಿಗೆ ಹೋಗುವ ಮುಂಚೆ ಪ್ರತಿ ಸಾಲನ್ನೂ ಒಬ್ಬರು ಪರಿಶೀಲಿಸಿ ಪಕ್ಕದಲ್ಲಿ ರೈಟು ಹಾಕಬೇಕು. ನಿಮ್ಮ ಊರಿನ ಪುಟ ಬಂದಿದ್ದು ನನ್ನ ಮೇಜಿಗೆ. ತೊಂಬತ್ನಾಲ್ಕು ಎಂದು ಕಂಡಾಗ ನನಗೆ ಅನುಮಾನ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿಮ್ಮ ಲಾಂಡ್ರಿ ಗೊತ್ತು, ಹಾಸ್ಟೆಲ್ ಗೊತ್ತು, ನಾದಿನಿಯ ಪರ್ಮಿಟ್ ಗೊತ್ತು. ಆದರೆ ನನ್ನ ತಮ್ಮನ ಊರು ದೇಶಕ್ಕೇ ಮೊದಲು ಎಂದು ನೋಡಿದಾಗ ಒಳಗೊಳಗೇ ಹಿಗ್ಗಾಯಿತು. ಮನೆಯಲ್ಲಿ ತಿಳಿದದ್ದನ್ನು ಆಫೀಸಿಗೆ ತರಬಾರದು ಎಂದು ನನಗೆ ನಾನೇ ಒಂದು ನೆಪ ಹೇಳಿಕೊಂಡು ರೈಟು ಹಾಕಿದೆ. ಒಂದೇ ಸಲ ನೋಡಿ.

ಆ ರೈಟಿನ ಬಾಲವೂ ತುದಿಯಲ್ಲಿ ಕೆಳಕ್ಕೆ ಬಗ್ಗಿದೆ. ಕಂಪ್ಯೂಟರು ಬಂದರೂ ಮರೆತಿಲ್ಲ.

ನನ್ನ ಮೇಲಧಿಕಾರಿಗೆ ಹೇಳಿದ್ದೇನೆ, ನನ್ನ ತಪ್ಪನ್ನು ಮಾತ್ರ. ಛೀಮಾರಿ ಹಾಕಿದ್ದಾರೆ, ಫೈಲಿನಲ್ಲಿ ಬರೆದಿದ್ದಾರೆ. ಸರಿಯಾಗಿಯೇ ಮಾಡಿದರು.

ನಾಲ್ಕನೆಯ ಕತ್ತೆ,
ಅಕ್ಕ


೨೯ ಜೂನ್ ೨೦೧೪

ಅಕ್ಕಾ,

ಐವತ್ತಾರು ಲಕೋಟೆ ಇವತ್ತು ಪೋಸ್ಟಿಗೆ ಬಿದ್ದವು. ಒಂದು ಇವಳದು. ಎಲ್ಲರಿಗಿಂತ ಮೊದಲು, ಹಾಸ್ಟೆಲ್ಲಿನ ಊಟದ ಹಾಲಿನ ಮಧ್ಯದ ಮೇಜಿನಲ್ಲಿ ಕೂತು, ಎಲ್ಲರೂ ನೋಡುವಂತೆ 'ಅಲ್ಲ' ಅಂತ ಬರೆದಳು. ಆಮೇಲೆ ಬಾಯ್ಲರಿನ ಮುದುಕ ಬಂದ. "ಅಮ್ಮಾ, ನೀವು ಬರೆದ್ರೆ ನಾನೂ ಬರೀತೀನಿ" ಅಂದ. ಹಾಗೇ ಒಬ್ಬೊಬ್ಬರೇ ಬಂದರು. ನಾನು ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದೆ. ಆರು ಜನ ಆಗಲೇ ಊರು ಬಿಟ್ಟಿದ್ದಾರೆ, ಎಲ್ಲಿಗೆ ಹೋದರೋ ಗೊತ್ತಿಲ್ಲ. ಅವರು ಎಲ್ಲಿದ್ದರೂ ನಿಮ್ಮ ಪಟ್ಟಿಯಲ್ಲಿ ನನ್ನ ದಯೆಯಿಂದ ಪ್ರಜೆಗಳು!

ನಿನ್ನ ರೈಟಿನ ಬಗ್ಗೆ ಜಗಳ ಆಡಲು ಪೆನ್ನು ಎತ್ತಿದೆ. ಎಲ್ಲಿಂದ ಶುರು ಮಾಡಿದರೂ ನನ್ನ ಬುಡಕ್ಕೇ ಬರುತ್ತದೆ. ಬಿಟ್ಟಿದ್ದೇನೆ.

ತಮ್ಮ


೧೮ ಜನವರಿ ೨೦೧೫

ಅಕ್ಕಾ,

ತಿದ್ದಿದ ಪಟ್ಟಿ ಬಂತು. ನೂರಕ್ಕೆ ಇಪ್ಪತ್ತೊಂಬತ್ತು. ಪೇಪರಿನವರು ಏನು ಬರೆದಿದ್ದಾರೆ ನೋಡು, ಕತ್ತರಿಸಿ ಇಟ್ಟಿದ್ದೇನೆ: "ಒಂದೇ ವರ್ಷದಲ್ಲಿ ಐವತ್ತಾರು ಮಂದಿ ಪೌರತ್ವ ತೊರೆದರು! ನಮ್ಮೂರಿನ ಮೇಲೆ ಯಾಕಿಷ್ಟು ಮುನಿಸು?" ಯಾರೂ ಏನೂ ತೊರೆಯಲಿಲ್ಲ ಮಹರಾಯ, ಇಲ್ಲದ್ದನ್ನು ಇಲ್ಲ ಅಂದರು ಅಷ್ಟೇ ಅಂತ ಹೇಳಲು ಪೇಪರಿನ ಆಫೀಸಿಗೆ ಹೋಗಿದ್ದೆ. ನಿನ್ನ ಬಸ್ಸಿನ ಉದಾಹರಣೆ ಕೊಟ್ಟೆ. ಅವನು ಎಲ್ಲ ಬರೆದುಕೊಂಡು ಕೊನೆಗೆ, "ಹಾಗಾದ್ರೆ ಇದಕ್ಕೆಲ್ಲ ಬಸ್ ಸರಿಯಿಲ್ಲದೇ ಇರೋದು ಕಾರಣ ಅಂತೀರಾ?" ಅಂದ. ನಿನ್ನ ಗಂಟಲು ಯಾಕೆ ಬಿದ್ದುಹೋಗುತ್ತದೆ ಅಂತ ಈಗ ಗೊತ್ತಾಯಿತು.

ತರಗತಿ ಮತ್ತೆ ತೆರೆದಿದ್ದಾರೆ. ಅದೇ ಬೆಂಚು, ಅದೇ ಟೀಚರಮ್ಮ. ಆದರೆ ಕೇಳು. ಇವಳ ನಲವತ್ತೊಂದು ಲೆಕ್ಕಕ್ಕಿಲ್ಲವಂತೆ! ಅದು ಮುಚ್ಚಿದ ತರಗತಿಯ ಹಾಜರಿ, ಇದು ಹೊಸ ತರಗತಿ, ಒಂದರಿಂದ ಶುರು ಅಂತ ಅದೇ ದಪ್ಪ ಕನ್ನಡಕ ಹೇಳಿದ. ನಾನು ಕೌಂಟರಿನ ಮೇಲೆ ಗುದ್ದಲು ಕೈ ಎತ್ತಿದ್ದೆ. ಇವಳು ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ಒಂದ್ರಿಂದ ಎಣಿಸ್ತೀನಿ ಬಿಡಿ" ಅಂದಳು. ಬೀದಿಯಲ್ಲಿ ಒಂದು ಅಂಗಡಿ ದಾಟುವವರೆಗೂ ನನ್ನ ಕೈ ಬಿಡಲಿಲ್ಲ. ಆಮೇಲೆ ನೋಡಿದರೆ ಅಳುತ್ತಿದ್ದಳು.

ತಮ್ಮ


೨೭ ಫೆಬ್ರವರಿ ೨೦೧೫

ತಮ್ಮನಿಗೆ,

ಆ ಕನ್ನಡಕದವನ ಕೌಂಟರಿಗೆ ನನ್ನ ಪರವಾಗಿ ಒಂದು ಗುದ್ದು ಗುದ್ದಿಬಿಡಬೇಕಿತ್ತು. ನಾನು ಇಷ್ಟು ವರ್ಷದಲ್ಲಿ ಯಾರಿಗೂ ಹೀಗೆ ಬರೆದವಳಲ್ಲ.

ನಗರಸಭೆಗೆ ಎರಡು ಕಾಗದ ಹಾಕಿದ್ದೇನೆ, ಆಫೀಸಿನವಳಾಗಿ ಅಲ್ಲ, ಅವಳ ಮನೆಯವಳಾಗಿ. ಎರಡಕ್ಕೂ ಒಂದೇ ಉತ್ತರ ಬಂತು: ತಮ್ಮ ಪತ್ರ ತಲುಪಿದೆ. ದಿನಾ ಸಾವಿರಾರು ಜನರ ವರ್ಷಗಳನ್ನು ಕೂಡಿಸಿ ಕಳೆಯುತ್ತೇನೆ. ಒಬ್ಬಳ ನಲವತ್ತೊಂದು ಸಂಜೆ ನನ್ನ ಕೈಯಲ್ಲಿ ಉಳಿಸಲು ಆಗಲಿಲ್ಲ. ನಾಚಿಕೆಯಾಗುತ್ತಿದೆ.

ಅವಳಿಗೆ ಹೇಳು, ಅತ್ತಿಗೆ ಕ್ಷಮೆ ಕೇಳಿದಳು ಎಂದು. ನನ್ನ ಬಾಯಲ್ಲಿ ಬರುವುದಿಲ್ಲ.

ಅಕ್ಕ


೪ ಡಿಸೆಂಬರ್ ೨೦೧೬

ಅಕ್ಕಾ,

ಬಹಳ ದಿನವಾಯಿತು ಬರೆದು. ಬರೀ ಸೀಲು, ಸಹಿ, "ಮುಂದಿನ ತಿಂಗಳು ಬನ್ನಿ". ಅದರಲ್ಲಿ ಬರೆಯುವಂಥದ್ದೇನೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳು ಪ್ರಮಾಣ ವಚನ ತೆಗೆದುಕೊಂಡಳು. ಸಭಾಂಗಣದಲ್ಲಿ ಅವಳೊಬ್ಬಳೇ ಆ ದಿನ. ನಗರಸಭೆಯ ಅಧ್ಯಕ್ಷರು ಪೇಪರಿನ ಫೋಟೋದಲ್ಲಿದ್ದ ಹಾಗೇ ಹಲ್ಲು ಕಿರಿದು ಕೈಕುಲುಕಿದರು. ಅಕ್ಟೋಬರಿನಲ್ಲಿ ಊರಿಗೆ ಹೋದಳು, ಹತ್ತು ವರ್ಷದ ಮೇಲೆ. ಹೋದ ವಾರ ವಾಪಸು ಬಂದಳು.

ಎಡಗಣ್ಣು ಹೋಗಿ ಒಂದು ವರ್ಷವಾಗಿತ್ತು. ಅಮ್ಮ ಮುಖದ ಮೇಲೆಲ್ಲ ಕೈಯಾಡಿಸಿದರಂತೆ. ಹಣೆ, ಮೂಗು, ಕೆನ್ನೆ. ಆಮೇಲೆ ಕಿವಿ ಮುಟ್ಟಿ, "ಓಲೆ ಬದಲಾಯ್ಸಿದ್ಯೇನೇ? ಯಾವ ಬಣ್ಣದ್ದು?" ಅಂತ ಕೇಳಿದರಂತೆ. ಇವಳು ಹೇಳಿದಳಂತೆ, ಹಸಿರು.

ಆ ನಲವತ್ತೊಂದರ ಮೇಲೆ ಹತ್ತೊಂಬತ್ತು ತರಗತಿ ಆಗ ನಡೆದಿದ್ದರೆ ಆ ಓಲೆಯ ಬಣ್ಣ ಅಮ್ಮನಿಗೆ ಕಾಣುತ್ತಿತ್ತು. ನನ್ನ ಒಂದು ಮಧ್ಯಾಹ್ನದ ಉಪಕಾರ ಅಕ್ಕಾ ಇದು. ಅವಳು ಒಂದು ದಿನವೂ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಮ್ಮ


೨೦ ಫೆಬ್ರವರಿ ೨೦೧೭

ತಮ್ಮನಿಗೆ, ನಾದಿನಿಗೂ,

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಗುಟ್ಟಿನದಲ್ಲ, ಯಾರು ಬೇಕಾದರೂ ಕೇಳಿ ಪಡೆಯಬಹುದಾದ ಹಾಳೆ: ಹೋದ ವರ್ಷ ಯಾವ ಊರಿನಲ್ಲಿ ಎಷ್ಟು ಮಂದಿ ಹೊಸದಾಗಿ ಪ್ರಜೆಗಳಾದರು ಎಂಬ ಪಟ್ಟಿ. ನಿಮ್ಮ ಊರು ಎರಡನೆಯ ಪುಟದಲ್ಲಿದೆ. ಮೇಲಿನ ಊರಿಗೆ ಮುನ್ನೂರ ಹನ್ನೆರಡು, ಕೆಳಗಿನದಕ್ಕೆ ನಲವತ್ತು. ನಿಮ್ಮದರ ಮುಂದೆ ಒಂದು ನಕ್ಷತ್ರ.

ಪೇಪರಿನವರು ಈ ಸಲ ನಿಮ್ಮ ಊರಿನ ಬಗ್ಗೆ ಏನೂ ಬರೆಯುವುದಿಲ್ಲ. ಬರೆಯಲು ಅಲ್ಲಿ ಸಂಖ್ಯೆಯೇ ಇಲ್ಲ. ನಕ್ಷತ್ರ ಅಂದರೆ ಒಬ್ಬರೋ ಇಬ್ಬರೋ ನಾಲ್ವರೋ ಎಂದು ನನ್ನನ್ನು ಕೇಳಬೇಡಿ. ನಾನು ಹೇಳುವಂತಿಲ್ಲ.

ಈ ವರ್ಷವೂ ಆ ಪುಟ ನನ್ನ ಮೇಜಿಗೇ ಬಂತು. ಬೇರೆಯವರಿಗೆ ಕೊಡಿ ಎಂದು ಮೇಲಧಿಕಾರಿಗೆ ಹೇಳಿದೆ. "ನಿಮಗಿಂತ ಹುಷಾರಾಗಿ ಆ ಸಾಲನ್ನು ಇನ್ಯಾರು ನೋಡ್ತಾರೆ, ನೀವೇ ನೋಡಿ" ಎಂದರು.

ನೋಡಿದೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಇನ್ನೊಂದು ಸಲ ನೋಡಿದೆ. ಆಮೇಲೆ ರೈಟು ಹಾಕಿದೆ.

ಅಕ್ಕ